ಮನೆಯ ಲ್ಯಾಪ್‌ಟಾಪ್‌ಗೆ ವೈಫೈ ಉಪಕರಣದ ಆಯ್ಕೆ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಹಾಗೂ ನೆಲಮಂಗಲ ತಾಲ್ಲೂಕುಗಳ ರೈತರ ಮನೆಗಳಲ್ಲಿ ಲ್ಯಾಪ್‌ಟಾಪ್ ಈಗ ಅಪರೂಪದ ವಸ್ತುವಲ್ಲ. ಮಕ್ಕಳ ಪಾಠಕ್ಕೆ, ಪಹಣಿ ನೋಡಲು, ದ್ರಾಕ್ಷಿ ಅಥವಾ ರೇಷ್ಮೆಗೂಡಿನ ಧಾರಣೆ ತಿಳಿಯಲು ಅದು ಬಳಕೆಯಾಗುತ್ತಿದೆ. ಆದರೆ ಫೈಬರ್ ಸಂಪರ್ಕ ಬಂದ ಮೇಲೂ ಒಳಕೋಣೆಯಲ್ಲಿ ವೈಫೈ ಸಿಗುವುದಿಲ್ಲವೆಂಬ ದೂರು ಸಾಮಾನ್ಯ. ಆಗ ಹೆಚ್ಚು ಆಂಟೆನಾಗಳಿರುವ ದುಬಾರಿ ರೂಟರನ್ನು ತರುವವರು ಹಲವರು. ಆಂಟೆನಾ ಎಣಿಸಿ ರೂಟರ್ ಕೊಳ್ಳುವುದು ಕೊಂಬು ನೋಡಿ ಎಮ್ಮೆ ಕೊಂಡಂತೆ.

ಹಣ ಖರ್ಚು ಮಾಡುವ ಮೊದಲು ಒಂದು ಸರಳ ಪರೀಕ್ಷೆ ಮಾಡಬೇಕು. ಲ್ಯಾಪ್‌ಟಾಪನ್ನು ಈಗಿರುವ ರೂಟರಿನ ಪಕ್ಕದಲ್ಲೇ ಇಟ್ಟು ವೇಗ ನೋಡಿರಿ. ತಂತಿಯಿಂದ ನೇರವಾಗಿ ಜೋಡಿಸಿ ನೋಡಿದರೆ ಇನ್ನೂ ಖಚಿತ. ಆಗಲೂ ನಿಧಾನವಾಗಿದ್ದರೆ ದೋಷ ಸಂಪರ್ಕದ್ದಿರಬಹುದು. ಹೊಸ ರೂಟರ್ ಅದನ್ನು ಸರಿಪಡಿಸಲಾರದು. ಪಕ್ಕದಲ್ಲಿ ಚುರುಕಾಗಿದ್ದು ಒಳಕೋಣೆಯಲ್ಲಿ ಕುಂಟಿದರೆ ಅಡ್ಡಿ ಗೋಡೆಯದು.

ವೈಫೈ ಅಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ೨.೪ ಗಿಗಾಹರ್ಟ್ಸ್ ಅಲೆ ಗೋಡೆ ದಾಟುವುದರಲ್ಲಿ ಮೇಲು, ಆದರೆ ವೇಗ ಕಡಿಮೆ. ೫ ಗಿಗಾಹರ್ಟ್ಸ್ ಅಲೆ ವೇಗವಾದುದು, ಆದರೆ ಗೋಡೆಗೆ ಬೇಗ ಸೋಲುತ್ತದೆ. ನಮ್ಮ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ, ಕಲ್ಲಿನ ಕಟ್ಟಡ, ಕಬ್ಬಿಣದ ಸರಳು ತುಂಬಿದ ಆರ್.ಸಿ.ಸಿ. ತಾರಸಿ ಇವೆಲ್ಲ ಅಲೆಗಳನ್ನು ಹೀರುತ್ತವೆ ಅಥವಾ ತಡೆಯುತ್ತವೆ. ತಗಡಿನ ಶೀಟು ಅವನ್ನು ಹಿಂದಕ್ಕೆ ಹೊಡೆಯುತ್ತದೆ. ಆದುದರಿಂದ ಎರಡೂ ಬಗೆಯ ಅಲೆಗಳುಳ್ಳ 'ಡ್ಯುಯಲ್ ಬ್ಯಾಂಡ್' ರೂಟರನ್ನೇ ಆರಿಸುವುದು ಯುಕ್ತ. ಹಳೆಯ ಲ್ಯಾಪ್‌ಟಾಪ್ ೨.೪ನ್ನು ಮಾತ್ರ ಹಿಡಿಯುವಂತಿದ್ದರೆ, ಯು.ಎಸ್.ಬಿ. ತೂತಿಗೆ ಸಿಕ್ಕಿಸುವ ಡ್ಯುಯಲ್ ಬ್ಯಾಂಡ್ ಅಡಾಪ್ಟರ್ ಸಾಕು, ಲ್ಯಾಪ್‌ಟಾಪ್ ಬದಲಿಸಬೇಕಿಲ್ಲ.

ಪೆಟ್ಟಿಗೆಯ ಮೇಲೆ ೧೨೦೦ ಎಂದು ಬರೆದಿದ್ದರೆ ಅಷ್ಟು ವೇಗ ನಿಮ್ಮ ಲ್ಯಾಪ್‌ಟಾಪಿಗೆ ದೊರೆಯುತ್ತದೆಂದು ತಿಳಿಯಬಾರದು. ಅದು ಸಾಧಾರಣವಾಗಿ ೩೦೦ ಮತ್ತು ೮೬೭ನ್ನು ಕೂಡಿಸಿ ಸುತ್ತುಗೊಳಿಸಿದ ಅಂಕಿ. ಕೆಲವು ಅಗ್ಗದ ರೂಟರುಗಳಲ್ಲಿ ತಂತಿ ಸೇರಿಸುವ ಪೋರ್ಟಿನ ಮಿತಿ ೧೦೦ ಎಂ.ಬಿ.ಪಿ.ಎಸ್. ಮಾತ್ರ. ಅದಕ್ಕಿಂತ ಹೆಚ್ಚಿನ ವೇಗದ ಯೋಜನೆಗೆ ಹಣ ಕಟ್ಟುವವರು 'ಗಿಗಾಬಿಟ್' ಪೋರ್ಟ್ ಇದೆಯೇ ಎಂದು ಕೇಳಿ ಕೊಳ್ಳತಕ್ಕದ್ದು.

ಬಹುತೇಕ ಮನೆಗಳಲ್ಲಿ ಫೈಬರ್ ಕಂಬದಿಂದ ಬಂದ ಕಡೆಯೇ, ಅಂದರೆ ಬೀದಿ ಕಿಟಕಿಯ ಬಳಿ, ರೂಟರ್ ಕುಳಿತಿರುತ್ತದೆ. ಅರ್ಧ ಸಂಪರ್ಕ ಬೀದಿಗೆ ಹೋಗುತ್ತದೆ! ನಡುಮನೆಯಲ್ಲಿ, ಆಳೆತ್ತರದಲ್ಲಿ, ಕಬ್ಬಿಣದ ಬೀರು ಮತ್ತು ಫ್ರಿಜ್‌ನಿಂದ ದೂರ ಇಟ್ಟರೆ ಎಷ್ಟೋ ಮನೆಗಳಲ್ಲಿ ಹೊಸದನ್ನು ಕೊಳ್ಳುವ ಅಗತ್ಯವೇ ಬೀಳದು.

ಹುಳುಮನೆ ಅಥವಾ ಕೊಟ್ಟಿಗೆ ಬೇರೆಯಾಗಿದ್ದಲ್ಲಿ ಅಂಗಡಿಯವರು 'ರಿಪೀಟರ್' ಕೊಡುತ್ತಾರೆ. ಅನೇಕ ರಿಪೀಟರುಗಳು ಒಂದೇ ಅಲೆಯಲ್ಲಿ ಕೇಳಿ ಅದರಲ್ಲೇ ಹೇಳುವುದರಿಂದ ವೇಗ ಅರ್ಧದಷ್ಟು ಇಳಿಯುತ್ತದೆ. ಇದಕ್ಕಿಂತ ಮನೆಯಿಂದ ಈಥರ್ನೆಟ್ ತಂತಿ ಎಳೆದು, ಅಲ್ಲಿ ಇನ್ನೊಂದು 'ಆಕ್ಸೆಸ್ ಪಾಯಿಂಟ್' ಇಡುವುದು ನಮ್ಮ ಅಭಿಪ್ರಾಯದಲ್ಲಿ ಉತ್ತಮ. ಹಳೆಯ ರೂಟರುಗಳಲ್ಲೂ ಕೆಲವನ್ನು ಹೀಗೆ ಬಳಸಬಹುದು. ಈ ತಂತಿಯ ಮಿತಿ ೧೦೦ ಮೀಟರ್, ಅಂದರೆ ಸುಮಾರು ೩೩೦ ಅಡಿ. ಶುದ್ಧ ತಾಮ್ರದ, ಹೊರಾಂಗಣಕ್ಕೆ ತಕ್ಕ ತಂತಿಯನ್ನೇ ಪೈಪಿನೊಳಗೆ ಹಾಯಿಸಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗವಾದರೂ ಬೇಡ. ರೇಷ್ಮೆ ಬೆಳೆಗಾರರು ಉಪಕರಣವನ್ನು ಹುಳುಮನೆಯ ಒಳಗಿಡದೆ ಮುಂಗೋಣೆಯಲ್ಲಿಡುವುದು ಕ್ಷೇಮ. ಒಳಗಿನ ತೇವ ಒಂದೆಡೆಯಾದರೆ, ಸೋಂಕು ನಿವಾರಣೆಗೆ ಬಳಸುವ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಲೋಹದ ಭಾಗಗಳನ್ನು ತಿನ್ನುತ್ತದೆ.

ಉಪಕರಣ ಜೋಡಿಸಿದ ದಿನವೇ ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸಿ, ಡಬ್ಲ್ಯು.ಪಿ.ಎ.೨ ಅಥವಾ ಡಬ್ಲ್ಯು.ಪಿ.ಎ.೩ ರಕ್ಷಣೆ ಆರಿಸಿಕೊಳ್ಳಿರಿ. ಬ್ಯಾಂಕಿನ ವ್ಯವಹಾರವೂ ಇದೇ ಲ್ಯಾಪ್‌ಟಾಪಿನಲ್ಲಿ ನಡೆಯುವುದಷ್ಟೆ.

ಕರೆಂಟು ಹೋದಾಗಲೂ ಸಂಪರ್ಕ ಬೇಕೆನ್ನುವವರು ಸಣ್ಣ ಯು.ಪಿ.ಎಸ್. ಕೊಳ್ಳಬಹುದು. ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟಿಗೆ ಅದು ಸರಿಹೊಂದಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಫೈಬರ್ ಪೆಟ್ಟಿಗೆ ಬೇರೆಯಿದ್ದರೆ ಅದಕ್ಕೂ ವಿದ್ಯುತ್ ಬೇಕೆಂಬುದನ್ನು ಮರೆಯಬಾರದು. ಗುಡುಗು ಮಿಂಚಿನ ಸೂಚನೆ ಕಂಡೊಡನೆ, ಮಿಂಚು ಹತ್ತಿರ ಬರುವ ಮೊದಲೇ, ಪ್ಲಗ್ಗನ್ನೂ ಹೊರಗಿನಿಂದ ಬಂದ ತಾಮ್ರದ ತಂತಿಯನ್ನೂ ಬಿಡಿಸಿಡಿರಿ.