ಸಾಕ್ಷಿಯ ಬೆನ್ನಿಗೆ ಯಾರು?

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಡಲಾಯಿತು. ವಿಚಾರಣೆಯಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಆ ತೀರ್ಪನ್ನೇ ಎತ್ತಿಹಿಡಿಯಿತು.

1989ರ ದೌರ್ಜನ್ಯ ತಡೆ ಕಾಯ್ದೆ ಆಗಲೇ ಇತ್ತು. ಇಲ್ಲದಿದ್ದುದು ನೊಂದವರ ಪಕ್ಕದಲ್ಲಿ ನಿಲ್ಲುವ ವ್ಯವಸ್ಥೆ. ಸಾಕ್ಷಿ ನುಡಿದವನು ಎಷ್ಟೋ ವೇಳೆ ಎದುರಾಳಿಯ ಹೊಲದಲ್ಲೇ ಕೂಲಿ ಮಾಡಿ ಬದುಕಬೇಕು. ಕಿತ್ತೂರು ಸೀಮೆಯ ದೇಗಾಂವದಂಥ ಊರಿನಿಂದ ಬೆಳಗಾವಿಯ ನ್ಯಾಯಾಲಯಕ್ಕೆ ಹೋಗಿಬರುವುದೆಂದರೆ ಆ ದಿನದ ಕೂಲಿಯೂ ಇಲ್ಲ.

ಈ ಕೊರತೆ ತುಂಬಲೆಂದೇ 2016ರ ಜನವರಿ 26ರಂದು ಜಾರಿಗೆ ಬಂದ ತಿದ್ದುಪಡಿ 15ಎ ಕಲಮನ್ನು ಸೇರಿಸಿತು. ಅದರಂತೆ ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ, ಪ್ರಯಾಣ ವೆಚ್ಚ, ಪುನರ್ವಸತಿ ಸಲ್ಲಬೇಕು. ಜಾಮೀನು ವಿಚಾರಣೆಯ ಸುದ್ದಿ ನೊಂದವರಿಗೆ ಮೊದಲೇ ತಿಳಿಯಬೇಕು. ಸಮಾಜ ಕಾರ್ಯಕರ್ತರ, ವಕೀಲರ ನೆರವು ಪಡೆಯುವುದೂ ಅವರ ಹಕ್ಕು.

ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 98 ಮಂದಿಗೆ ಜೀವಾವಧಿ ಶಿಕ್ಷೆಯಾದದ್ದು 2024ರ ಅಕ್ಟೋಬರಿನಲ್ಲಿ. ಮರುತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು.

ಹತ್ತು ವರ್ಷ ಕಾಯುವವರಿಗೆ ಪರಿಹಾರದ ಚೆಕ್ಕು ಒಂದೇ ಸಾಲದು. ದೂರು ಕೊಟ್ಟ ದಿನದಿಂದ ತೀರ್ಪಿನ ಮರುದಿನದವರೆಗೂ ಜೊತೆಗಿರುವ, ಕಾನೂನು ಬಲ್ಲ ಒಬ್ಬ ಮನುಷ್ಯ ಬೇಕು.