ನೇಪಥ್ಯದ ವೀರರು

ನಾಟಕವನ್ನು ನೋಡಿ ಮನೆಗೆ ಹಿಂದಿರುಗುವ ಪ್ರೇಕ್ಷಕನು ರಾಜನ ಪಾತ್ರವನ್ನು ನೆನೆಯುತ್ತಾನೆಯೇ ಹೊರತು ಆ ರಾಜನಿಗೆ ಕಿರೀಟವನ್ನು ಕಟ್ಟಿದ ಕೈಯನ್ನಲ್ಲ. ಇದು ಲೋಕರೂಢಿ. ನಮ್ಮ ಪ್ರಾಚೀನರು ಮಾತ್ರ ಈ ರೂಢಿಗೆ ಮಣಿಯಲಿಲ್ಲ. ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದಾಗ, ವೇಷಭೂಷಣ ವರ್ಣಲೇಪನಗಳಿಗೆ ಸೇರಿದ ಆಹಾರ್ಯವನ್ನೂ ಅಭಿನಯವೆಂದೇ ಕರೆದನು. ನಟನಂತೆ ಉಡುಪೂ ಅಭಿನಯಿಸುತ್ತದೆ ಎಂಬುದು ಇದರ ತಾತ್ಪರ್ಯ. ಇದನ್ನು ತರಗತಿಯಲ್ಲಿ ವಿವರಿಸುವಾಗ ನಾನು ಅಮೆರಿಕದ ಒಂದು ಸೂಪರ್‌ಹೀರೋ ಚಲಚ್ಚಿತ್ರವನ್ನು ಉದಾಹರಿಸುವುದುಂಟು. ವಿದ್ಯಾರ್ಥಿಗಳು ಮೊದಲು ನಗುತ್ತಾರೆ. ಭರತನೆಲ್ಲಿ, ಹಾರುವ ವೀರರ ಚಿತ್ರವೆಲ್ಲಿ ಎಂಬುದು ಅವರ ಸಂದೇಹ.

ಆ ಚಿತ್ರ 2018ರಲ್ಲಿ ತೆರೆಕಂಡ ‘ಬ್ಲ್ಯಾಕ್ ಪ್ಯಾಂಥರ್’. ಸ್ಟಾನ್ ಲೀ ಮತ್ತು ಜಾಕ್ ಕರ್ಬಿ 1966ರಲ್ಲಿ ಸೃಷ್ಟಿಸಿದ ಕಪ್ಪು ಜನಾಂಗದ ವೀರನ ಕಥೆ ಅದು. ನಿರ್ದೇಶಕ ರಯಾನ್ ಕೂಗ್ಲರ್. ಯಾವ ಪರದೇಶಕ್ಕೂ ಅಡಿಯಾಳಾಗದೆ ಉಳಿದ ವಕಾಂಡ ಎಂಬ ಕಲ್ಪಿತ ಆಫ್ರಿಕನ್ ರಾಜ್ಯಕ್ಕೆ ಟಿಚಾಲ ದೊರೆ. 2019ರ ಆಸ್ಕರ್ ಪ್ರಶಸ್ತಿಗಳಿಗೆ ಈ ಚಿತ್ರ ಏಳು ವಿಭಾಗಗಳಲ್ಲಿ ನಾಮನಿರ್ದೇಶನ ಪಡೆಯಿತು. ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಈ ಜಾತಿಯ ಚಿತ್ರವೊಂದು ಏರಿದುದು ಅದೇ ಮೊದಲು. ಆದರೆ ಆ ಏಳರಲ್ಲಿ ನಟವರ್ಗದ ಹೆಸರೊಂದೂ ಇರಲಿಲ್ಲ. ನಿರ್ದೇಶಕನ ಹೆಸರೂ ಇರಲಿಲ್ಲ. ಗೆದ್ದ ಮೂರು ಪ್ರಶಸ್ತಿಗಳಾದರೋ ವಸ್ತ್ರವಿನ್ಯಾಸಕ್ಕೆ, ದೃಶ್ಯವಿನ್ಯಾಸಕ್ಕೆ, ಸಂಗೀತಕ್ಕೆ ಸಂದವು. ಮೂರೂ ನೇಪಥ್ಯದ ಕೆಲಸಗಳು.

ದೃಶ್ಯವಿನ್ಯಾಸದ ಹೊಣೆ ಹೊತ್ತವರು ಹಾನ್ನಾ ಬೀಚ್ಲರ್. ಒಂದು ಗೋಡೆಯನ್ನು ನಿಲ್ಲಿಸುವ ಮುನ್ನವೇ ಆಕೆ ವಕಾಂಡದ ಭೂಗೋಳ, ಇತಿಹಾಸ, ಕುಲಗಳ ವಿವರಗಳನ್ನೊಳಗೊಂಡ ಸುಮಾರು 500 ಪುಟಗಳ ಕೈಪಿಡಿಯೊಂದನ್ನು ಸಿದ್ಧಪಡಿಸಿದರು. ಇಲ್ಲದ ನಾಡಿಗೆ ಇಷ್ಟು ದೊಡ್ಡ ಚರಿತ್ರೆ ಏಕೆ ಎಂದು ಕೇಳಬಹುದು. ಇಲ್ಲದ ನಾಡಾದುದರಿಂದಲೇ ಅದು ಬೇಕಾಯಿತು; ಇರುವ ನಾಡಿಗೆ ಸಾಕ್ಷ್ಯ ನೆಲದಲ್ಲಿಯೇ ಇರುತ್ತದೆ.

ವಸ್ತ್ರವಿನ್ಯಾಸಕಿ ರೂತ್ ಕಾರ್ಟರ್ ಅವರ ವಿವೇಕವೂ ಇದೇ ಜಾತಿಯದು. ರಾಜಮಾತೆಯ ಕಿರೀಟಕ್ಕೆ ಅವರು ಜುಲು ಜನಾಂಗದ ವಿವಾಹಿತ ಸ್ತ್ರೀಯರು ಧರಿಸುವ ಟೋಪಿಯ ಆಕಾರವನ್ನು ಆಯ್ದುಕೊಂಡು, ಅದನ್ನು ಮೂರು ಆಯಾಮದ ಮುದ್ರಣಯಂತ್ರದಿಂದ ತಯಾರಿಸಿದರು. ಗಡಿ ಕಾಯುವ ಕುಲದವರಿಗೆ ಲೆಸೋಥೊ ನಾಡಿನ ಕಂಬಳಿಗಳನ್ನು ಹೊದಿಸಿದರು. ನಾಯಕನ ಕಪ್ಪು ಉಡುಪಿನ ಮೇಲೆ ಸಣ್ಣ ತ್ರಿಕೋನಗಳ ಆಫ್ರಿಕನ್ ಚಿತ್ತಾರವನ್ನು ಹರಡಿದರು. ದೂರದಿಂದ ನೋಡಿದರೆ ಆ ತ್ರಿಕೋನ ಕಾಣುವುದೇ ಕಷ್ಟ. ಆದರೂ ಮುಖವಾಡದ ವೀರನನ್ನು ಒಂದು ನೆಲದ ದೊರೆಯನ್ನಾಗಿ ಮಾಡುವುದರಲ್ಲಿ ಅದರ ಪಾಲು ಸಣ್ಣದಲ್ಲ.

ಸಂಗೀತಕಾರ ಲುಡ್ವಿಗ್ ಯೋರಾನ್ಸನ್ ಸ್ವೀಡನ್ ದೇಶದವರು. ಅವರು ಸೆನೆಗಲ್‌ಗೆ ಹೋಗಿ ಗಾಯಕ ಬಾಬಾ ಮಾಲ್ ಅವರೊಡನೆ ಸಂಚರಿಸಿ ಅಲ್ಲಿನ ವಾದ್ಯಗಳನ್ನು ಆಲಿಸಿದರು. ಕಂಕುಳಲ್ಲಿ ಅವುಚಿ, ಹುರಿಗಳನ್ನು ಒತ್ತಿ, ಮಾತಿನ ಏರಿಳಿತವನ್ನೇ ನುಡಿಸಬಲ್ಲ ‘ಮಾತಾಡುವ ಮದ್ದಳೆ’ಯೊಂದು ಅಲ್ಲುಂಟು. ಅದು ದೊರೆಗೆ ಸಂದಿತು. ಅವನ ಎದುರಾಳಿ ಕಿಲ್‌ಮಂಗರ್‌ಗೆ ಫುಲಾ ಜನರ ಕೊಳಲು. ಆ ಕೊಳಲಿಗೆ ಅಮೆರಿಕದ ಬೀದಿಸಂಗೀತದ ಯಂತ್ರತಾಳವೂ ಬೆರೆತಿದೆ. ಆಫ್ರಿಕದ ರಕ್ತ, ಅಮೆರಿಕದ ಅನಾಥ ಬಾಲ್ಯ. ಪಾತ್ರದ ದ್ವಂದ್ವವನ್ನು ಅವನು ಬಾಯಿ ತೆರೆಯುವ ಮುನ್ನವೇ ಸಂಗೀತ ಹೇಳಿಬಿಡುತ್ತದೆ.

ಭಾಷೆಯನ್ನು ಕಲಿಸಿ ಬದುಕುವ ನನ್ನಂಥವನಿಗೆ ಎಲ್ಲಕ್ಕಿಂತ ಮಿಗಿಲಾಗಿ ಕಾಣುವುದು ನುಡಿಯ ಆಯ್ಕೆ. 2016ರ ಹಿಂದಿನ ಚಿತ್ರವೊಂದರಲ್ಲಿ ವೃದ್ಧ ದೊರೆಯ ಪಾತ್ರ ವಹಿಸಿದ್ದ ದಕ್ಷಿಣ ಆಫ್ರಿಕದ ನಟ ಜಾನ್ ಕಾನಿ ತಮ್ಮ ಮಾತೃಭಾಷೆಯಾದ ಖೋಸಾದಲ್ಲಿ ಮಾತನಾಡಿದರು. ಅದೇ ವಕಾಂಡದ ಭಾಷೆಯಾಗಿ ನೆಲೆಗೊಂಡಿತು. ನೆಲ್ಸನ್ ಮಂಡೇಲಾ ಅವರ ತಾಯ್ನುಡಿಯೂ ಅದೇ. ನಾವು ಮರುಕದಿಂದ ಲೊಚಗುಟ್ಟುವ ಸದ್ದು ಆ ಭಾಷೆಯಲ್ಲಿ ಒಂದು ವ್ಯಂಜನ. ನಾಯಕನಟ ಚಾಡ್ವಿಕ್ ಬೋಸ್‌ಮನ್ ದೊರೆಯ ಇಂಗ್ಲಿಷಿಗೂ ಆಫ್ರಿಕದ ಉಚ್ಚಾರಣೆಯೇ ಬೇಕೆಂದು ಹಟ ಹಿಡಿದರು. ವಸಾಹತಿಗೆ ಒಳಗಾಗದ ನಾಡಿನ ಅರಸು ಐರೋಪ್ಯರಂತೆ ಏಕೆ ಮಾತನಾಡಬೇಕು ಎಂಬುದು ಅವರ ವಾದ. ಸಿಂಹಾಸನದ ಸಭೆಗೆ ಬಂದ ಕಿಲ್‌ಮಂಗರ್‌ನನ್ನು ಹಿರಿಯರೊಬ್ಬರು ನೀನಾರೆಂದು ಕೇಳಿದಾಗ ಅವನು ಖೋಸಾದಲ್ಲಿಯೇ ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಹೇಳುತ್ತಾನೆ. ಪರದೇಶದಲ್ಲಿ ಬೆಳೆದವನು ತನ್ನ ಹಕ್ಕನ್ನು ಸ್ಥಾಪಿಸಲು ತಂದ ಮೊದಲ ಸಾಕ್ಷ್ಯ ತಾಯ್ನುಡಿ!

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಜುಲು ಟೋಪಿ, ಲೆಸೋಥೊ ಕಂಬಳಿ, ಸೆನೆಗಲ್‌ನ ಮದ್ದಳೆ, ಖೋಸಾ ನುಡಿ ಇವೆಲ್ಲ ಒಂದೇ ಊರಿನವಲ್ಲ. ವಿಶಾಲ ಖಂಡವೊಂದನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿದಂತಾಗಲಿಲ್ಲವೆ? ಮೇಲಾಗಿ ಚಿತ್ರದ ಹೆಚ್ಚಿನ ಸಂಭಾಷಣೆ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಖೋಸಾ ಅಲ್ಲೊಂದು ಇಲ್ಲೊಂದು ಮಾತಾಗಿ ಮಿಂಚುತ್ತದೆ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹಬ್ಬದ ದಿನ ಮಾತ್ರ ಹೊರತೆಗೆಯುವ ಒಡವೆಯಾದ ಭಾಷೆಯ ದುಃಸ್ಥಿತಿ ಕನ್ನಡಿಗರಿಗೆ ತಿಳಿಯದುದೇನೂ ಅಲ್ಲ. ಆದರೆ ಅಲಂಕಾರಕ್ಕೂ ಔಚಿತ್ಯಕ್ಕೂ ನಮ್ಮ ಕಾವ್ಯಮೀಮಾಂಸೆ ಭೇದವೆಣಿಸುತ್ತದೆ. ಎಲ್ಲಿಂದ ತಂದರು ಎಂಬುದರ ಜೊತೆಗೆ ಯಾವ ಸ್ಥಾನದಲ್ಲಿ ಇಟ್ಟರು ಎಂಬುದನ್ನೂ ನೋಡಬೇಕು. ಬಹುಕಾಲ ಆಫ್ರಿಕದ ನುಡಿಗಳು ಹಾಲಿವುಡ್ಡಿನ ಚಿತ್ರಗಳಲ್ಲಿ ಕಾಡಿನ ಗದ್ದಲವಾಗಿ ಕೇಳಿಬಂದಿದ್ದವು. ಇಲ್ಲಿ ಅದು ಅರಮನೆಯ ಭಾಷೆ. ಪೂರ್ಣನ್ಯಾಯವಲ್ಲದಿದ್ದರೂ ಸ್ಥಾನಪಲ್ಲಟವಂತೂ ಹೌದು.

2020ರಲ್ಲಿ ಬೋಸ್‌ಮನ್ ಅಕಾಲಮರಣಕ್ಕೆ ತುತ್ತಾದರು. 2022ರಲ್ಲಿ ಎರಡನೆಯ ಚಿತ್ರ ಬಂದಾಗ ದೊರೆಯಿರಲಿಲ್ಲ. ಬೇರೊಬ್ಬ ನಟನನ್ನು ಆ ಸ್ಥಾನದಲ್ಲಿ ಕೂರಿಸಲೂ ಇಲ್ಲ. ಆದರೆ ಬೀಚ್ಲರ್, ಕಾರ್ಟರ್, ಯೋರಾನ್ಸನ್ ಮೂವರೂ ಇದ್ದರು. ದೊರೆಯಿಲ್ಲದೆಯೂ ರಾಜ್ಯ ಉಳಿಯಿತು. ಆ ನಾಡಿನವರು ಶೋಕಕ್ಕೆ ಬಿಳಿಯುಟ್ಟು ದೊರೆಯನ್ನು ಬೀಳ್ಕೊಡುವ ದೃಶ್ಯವನ್ನು ಕಂಡವರಿಗೆ ಉಡುಪೂ ಅಳಬಲ್ಲುದೆಂಬುದು ಮನದಟ್ಟಾಗುತ್ತದೆ. ಆ ಚಿತ್ರಕ್ಕಾಗಿ 2023ರಲ್ಲಿ ಕಾರ್ಟರ್ ಅವರಿಗೆ ಎರಡನೆಯ ಆಸ್ಕರ್ ದೊರೆಯಿತು. ಚಿತ್ರ ಮುಗಿದು ಹೆಸರುಗಳ ಸಾಲು ಮೇಲೇರುವಾಗ ನಾವು ಸಾಮಾನ್ಯವಾಗಿ ಎದ್ದುಬಿಡುತ್ತೇವೆ. ಇನ್ನು ಮುಂದೆ ಒಂದೆರಡು ನಿಮಿಷ ಕುಳಿತು ಆ ಹೆಸರುಗಳನ್ನು ಓದಿದರೆ ಸಹೃದಯರಿಗೆ ನಷ್ಟವೇನೂ ಆಗದು.