ಮನೆಯ ಝರಿಯೂ ವಿದ್ಯುತ್ತಿನ ಲೆಕ್ಕವೂ

ನಮ್ಮ ಭಂಡಿಗಡಿಯ ಸೀಮೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮರಗಳುರುಳಿ ವಿದ್ಯುತ್ತಂತಿಗಳು ಕಡಿಯುವುದೂ, ಅದೇ ಕಾಲದಲ್ಲಿ ಗುಡ್ಡದ ಝರಿಗಳು ತುಂಬಿ ಹರಿಯುವುದೂ ವಾಚಕರು ಬಲ್ಲ ವಿಷಯವೇ. ಆ ನೀರನ್ನು ಕೊಳವೆಯಲ್ಲಿಳಿಸಿ, ಚಿಕ್ಕದೊಂದು ಟರ್ಬೈನನ್ನು ತಿರುಗಿಸಿ ಬೆಳಕನ್ನು ಪಡೆಯುವ ಪದ್ಧತಿಯು ಮಲೆನಾಡಿನ ಹಲವು ಮನೆಗಳಲ್ಲಿ ನೆಲೆಗೊಂಡಿದೆ. ಸೆಕೆಂಡಿಗೆ 10 ಲೀಟರು ನೀರು 20 ಮೀಟರು ಎತ್ತರದಿಂದಿಳಿದರೆ ಅದರಲ್ಲಿ ಸುಮಾರು 2 ಕಿಲೋವಾಟ್ ಶಕ್ತಿಯುಂಟು. ಅರ್ಧವು ನಷ್ಟವಾದರೂ ಉಳಿದುದು ಒಂದು ಸಂಸಾರದ ದೀಪಗಳಿಗೆ ಧಾರಾಳವಾಯಿತು.

ಆದರೆ ಈ ಬೆಳಕು ಪುಕ್ಕಟೆಯದೆಂದು ಯಾರೂ ಭಾವಿಸಬಾರದು. ಕೊಳವೆಯ ಬಾಯಿಗೆ ತರಗೆಲೆ ಕಟ್ಟಿಕೊಂಡರೆ ನಡುರಾತ್ರಿಯಲ್ಲಿಯೂ ಒಬ್ಬರು ಕಂಬಳಿಕೊಪ್ಪೆ ಹೊದ್ದು, ಇಂಬಳಗಳ ನಡುವೆ ಗುಡ್ಡವನ್ನೇರಬೇಕು. ಎರಡು ಯಂತ್ರಗಳನ್ನು ಒಟ್ಟಿಗೆ ಹಚ್ಚಿದರೆ ದೀಪವು ಮಂಕಾಗುವುದರಿಂದ, ಯಾವುದನ್ನು ಯಾವಾಗ ಹಚ್ಚಬೇಕೆಂಬ ಲೆಕ್ಕವು ಗೃಹಿಣಿಯ ಪಾಲಿನದು. ಈ ಶ್ರಮವನ್ನು ಅಳೆಯುವ ಮೀಟರು ಇನ್ನೂ ಹುಟ್ಟಿಲ್ಲ. ಅದಕ್ಕೆ ಗೃಹಕೃತ್ಯವೆಂದು ಹೆಸರಿಟ್ಟು ಗಂಡಸರು ನಿಶ್ಚಿಂತರಾಗಿದ್ದೇವೆ. ನಾವೂ ಅದಕ್ಕೆ ಹೊರತಲ್ಲ.

2023ರ ಆಗಸ್ಟಿನಿಂದ ನಮ್ಮ ಸರಕಾರವು ಗೃಹಜ್ಯೋತಿ ಯೋಜನೆಯಂತೆ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಮನೆಗಳಿಗೆ ಉಚಿತ ವಿದ್ಯುತ್ತನ್ನು ಕೊಡತೊಡಗಿತು. ಬಡವರಿಗೆ ಇದರಿಂದಾದ ಉಪಕಾರವು ಅಲ್ಪವಲ್ಲ. ಆದರೆ ಪ್ರತಿಯೊಂದು ಮನೆಯ ಪಾಲನ್ನು 2022–23ರ ಸರಾಸರಿ ಬಳಕೆಗೆ ಶೇಕಡಾ 10ನ್ನು ಕೂಡಿಸಿ ಗೊತ್ತುಮಾಡಿದರು. ಇದರ ಪರಿಣಾಮವನ್ನು ನೋಡಿರಿ. ಝರಿಯುಳ್ಳ ಒಂದು ಮನೆಯು ಮಳೆಗಾಲದ ಆರು ತಿಂಗಳು 20ರಂತೆ, ನೀರು ಬತ್ತಿದ ಆರು ತಿಂಗಳು 100ರಂತೆ ಊರತಂತಿಯಿಂದ ಯೂನಿಟ್ಟುಗಳನ್ನು ಪಡೆದಿತ್ತೆನ್ನೋಣ. ಸರಾಸರಿ 60, ಉಚಿತವಾಗಿ ದೊರಕುವುದು 66. ಬೇಸಗೆಯಲ್ಲಿ ಮೇಲಿನ 34ಕ್ಕೆ ಹಣವನ್ನು ತೆರಬೇಕು. ವರ್ಷವಿಡೀ 100ನ್ನೇ ಸುಟ್ಟ ನೆರೆಮನೆಗೆ 110 ಉಚಿತ! 2024ರ ಜನವರಿಯಲ್ಲಿ, 48 ಯೂನಿಟ್ಟಿನೊಳಗಿನ ಸರಾಸರಿಯವರಿಗೆ ಶೇಕಡಾ 10ರ ಬದಲು 10 ಯೂನಿಟ್ಟುಗಳನ್ನೇ ಹೆಚ್ಚಾಗಿ ಕೊಡಲು ನಿಶ್ಚಯಿಸಿದರು. ಅದು ಯುಕ್ತವೇ, ಆದರೆ ಮೇಲೆ ಹೇಳಿದ ಮನೆಗೆ ಅದು ಮುಟ್ಟದು.

ಝರಿಯುಳ್ಳವರ ಪಕ್ಷವನ್ನೇ ನಾವು ಹಿಡಿದೆವೆಂದು ತಿಳಿಯಬೇಡಿರಿ. ಅವರಿಗೆ ಗುಡ್ಡವುಂಟು, ತೋಟವುಂಟು. ಕೂಲಿಯಿಂದ ಜೀವಿಸುವವನಿಗೆ ಝರಿಯೂ ಇಲ್ಲ, ಕೊಳವೆಗೆ ಹಣವೂ ಇಲ್ಲ. ಅಂದು ಬಡತನದಿಂದ ಒಂದೇ ದೀಪವನ್ನು ಹಚ್ಚಿದವನ ಪಾಲು ಇಂದಿಗೂ ಆ ಬಡತನದ ಅಳತೆಯದೇ. ಸರಾಸರಿಯ ಗೊಡವೆಯಿಲ್ಲದೆ ಎಲ್ಲ ಮನೆಗಳಿಗೂ ಒಂದೇ ಸಂಖ್ಯೆಯನ್ನು ಗೊತ್ತುಮಾಡಿದ್ದರೆ ಚೆನ್ನಾಗಿತ್ತೆಂಬುದು ನಮ್ಮ ಮತ.

ಇನ್ನು ಒಂದೇ ಝರಿಯನ್ನು ಎರಡು ಮೂರು ಮನೆಗಳು ಕೂಡಿ ಬಳಸುವುದಾದರೆ, ಎಲೆ ತೆಗೆಯುವ ಸರದಿಯನ್ನು ಮಳೆಗೆ ಮುಂಚೆಯೇ ಬರೆದಿಡುವುದು ಒಳ್ಳೆಯದು. ಆ ಪಟ್ಟಿಯಲ್ಲಿ ತೋಟದ ಆಳಿನ ಹೆಸರೇ ಪ್ರತಿ ರಾತ್ರಿಯೂ ಬರಬಾರದು.